ಹೊದಿಗೆರೆಯಲ್ಲಿ ಮಲಗಿದ ಸರದಾರ: ಶಹಾಜಿ ಭೋಸಲೆ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಹಳೆಯ ವಿದ್ಯಾರ್ಥಿಗಳ ಬಳಗದಿಂದ ಸೂಚನೆ ಬಂದಾಗ, ಕಂಪ್ಯೂಟರ್ ಬಗ್ಗೆಯೇ ಬರೆ ಎಂದು ಗೆಳೆಯರು ಹೇಳಿದರು. ಆ ವಿಷಯದಲ್ಲಿ ಈಗಿನ ಎಂಟನೇ ತರಗತಿಯ ಹುಡುಗರು ನನಗಿಂತ ಚುರುಕು. ಹಾಗಾಗಿ ಹೈಸ್ಕೂಲಿನ ದಿನಗಳಿಂದಲೂ ನನಗೆ ಪ್ರಿಯವಾದ ಇತಿಹಾಸವನ್ನೇ ಆರಿಸಿಕೊಂಡಿದ್ದೇನೆ.

ಶಿವಾಜಿಯ ಪಾಠವನ್ನು ನಾವೆಲ್ಲರೂ ಓದಿದ್ದೇವೆ. ತಂದೆ ಶಹಾಜಿ ಭೋಸಲೆ, ತಾಯಿ ಜೀಜಾಬಾಯಿ ಎಂಬ ಸಾಲು ಬಾಯಿಪಾಠ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಆ ತಂದೆ ತನ್ನ ಬದುಕಿನ ಕೊನೆಯ ಇಪ್ಪತ್ತೇಳು ವರ್ಷಗಳ ಬಹುಭಾಗವನ್ನು ಕಳೆದದ್ದು ನಮ್ಮ ಕನ್ನಡ ನಾಡಿನಲ್ಲಿ, ಸತ್ತದ್ದೂ ಇಲ್ಲಿಯೇ. ಅವನ ಸಮಾಧಿ ಇರುವುದು ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಮೋಟೆಬೆನ್ನೂರಿನಿಂದ ಬೆಳಿಗ್ಗೆ ಹೊರಟು ರಾಣೇಬೆನ್ನೂರು, ಹರಿಹರ ದಾಟಿ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೊದಲೇ ತಲುಪಬಹುದು. ಮಹಾರಾಷ್ಟ್ರದಿಂದ ಅದನ್ನು ನೋಡಲು ಬರುವವರಿದ್ದಾರೆ. ನಮ್ಮ ಕಡೆಯವರು ಸೂಳೆಕೆರೆ ನೋಡಿ ಹಾಗೇ ವಾಪಸ್ ಬರುವುದೇ ಹೆಚ್ಚು.

ಶಹಾಜಿ ಹುಟ್ಟಿದ್ದು 1594ರಲ್ಲಿ ಎಂಬುದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ಭೋಸಲೆಯವರು ಎಲ್ಲೋರಾ ಗುಹೆಗಳಿರುವ ವೇರೂಳ ಗ್ರಾಮದವರು. ತಂದೆ ಮಾಲೋಜಿ ಅಹಮದನಗರದ ನಿಜಾಮಶಾಹಿ ಸುಲ್ತಾನರ ಬಳಿ ಕುದುರೆ ಸವಾರರ ಸರದಾರನಾಗಿದ್ದ. ಪುಣೆ ಮತ್ತು ಸುಪೆ ಅವನ ಜಾಗೀರು. ಬಹುಕಾಲ ಮಕ್ಕಳಾಗದೆ ಇದ್ದಾಗ ಮಾಲೋಜಿ ದಂಪತಿಗಳು ಅಹಮದನಗರದ ಶಾಹ ಶರೀಫ್ ಎಂಬ ಸೂಫಿ ಸಂತರ ದರ್ಗಾಕ್ಕೆ ಹರಕೆ ಹೊತ್ತರೆಂದು ಹೇಳುತ್ತಾರೆ. ಹುಟ್ಟಿದ ಇಬ್ಬರು ಗಂಡುಮಕ್ಕಳಿಗೆ ಆ ಸಂತರ ಹೆಸರನ್ನೇ ಎರಡು ಪಾಲು ಮಾಡಿ ಶಹಾಜಿ, ಶರೀಫಜಿ ಎಂದು ಕರೆದರು. ದರ್ಗಾಕ್ಕೂ ಗುಡಿಗೂ ಒಂದೇ ಬುಟ್ಟಿಯಲ್ಲಿ ಸಕ್ಕರೆ, ಊದಿನಕಡ್ಡಿ ಒಯ್ಯುವ ನಮ್ಮ ಕಡೆಯ ಅಜ್ಜಿಯರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಕ್ಕಿಲ್ಲ.

ಮದುವೆ ಸಿಂದಖೇಡದ ಲಖುಜಿ ಜಾಧವನ ಮಗಳು ಜೀಜಾಬಾಯಿಯ ಜೊತೆ ಆಯಿತು. ಜಾಧವರು ಭೋಸಲೆಯವರಿಗಿಂತ ದೊಡ್ಡ ಮನೆತನದವರು. ಬೀಗರ ನಡುವೆ ಕೊನೆಯವರೆಗೂ ಸರಿಹೋಗಲಿಲ್ಲ. 1624ರಲ್ಲಿ ಅಹಮದನಗರದ ಹತ್ತಿರದ ಭಾತವಡಿಯಲ್ಲಿ ದೊಡ್ಡ ಯುದ್ಧವಾಯಿತು. ಒಂದು ಕಡೆ ಮೊಘಲರು ಮತ್ತು ಬಿಜಾಪುರದವರು, ಇನ್ನೊಂದು ಕಡೆ ನಿಜಾಮಶಾಹಿಯ ಮಲಿಕ್ ಅಂಬರ್. ಈ ಅಂಬರ್ ಆಫ್ರಿಕಾದ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನ್ನಿಗೆ ಬಂದು ರಾಜ್ಯದ ಸೂತ್ರವನ್ನೇ ಹಿಡಿದವನು. ಅವನು ಕೆರೆಯ ಏರಿ ಒಡೆಸಿ ಶತ್ರುಗಳ ಬೀಡಿನ ಸುತ್ತ ಕೆಸರು ಮಾಡಿಸಿ ಗೆದ್ದ. ಆ ಗೆಲುವಿನಲ್ಲಿ ಶಹಾಜಿಯ ಹೆಸರು ಮೊದಲ ಬಾರಿಗೆ ಎಲ್ಲೆಡೆ ಕೇಳಿಬಂತು, ತಮ್ಮ ಶರೀಫಜಿ ಅದೇ ಯುದ್ಧದಲ್ಲಿ ಸತ್ತ. ಮಾವ ಲಖುಜಿ ಆಗಲೇ ಮೊಘಲರ ಪಾಳೆಯ ಸೇರಿದ್ದ.

ಇಲ್ಲಿಂದ ಮುಂದಿನ ಹನ್ನೆರಡು ವರ್ಷಗಳ ಕಥೆಯನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಅಂಬರನ ಜೊತೆ ಮನಸ್ತಾಪ ಬಂದು ಶಹಾಜಿ ಬಿಜಾಪುರಕ್ಕೆ ಹೋದ. 1626ರಲ್ಲಿ ಅಂಬರ್ ಸತ್ತ ಮೇಲೆ ಮತ್ತೆ ನಿಜಾಮಶಾಹಿಗೆ ಬಂದ. 1629ರಲ್ಲಿ ನಿಜಾಮಶಾಹ ತನ್ನಲ್ಲಿಗೆ ಮರಳಿದ್ದ ಲಖುಜಿಯನ್ನು ದೌಲತಾಬಾದಿಗೆ ಕರೆಸಿ, ದರ್ಬಾರಿನಲ್ಲೇ ಮಕ್ಕಳ ಸಮೇತ ಕೊಲ್ಲಿಸಿದ. ಮಾವನೊಡನೆ ಹಗೆಯಿದ್ದರೂ ಆ ಕೊಲೆ ಕಂಡ ಮೇಲೆ ಅಲ್ಲಿರುವುದು ಶಹಾಜಿಗೆ ಸರಿಯೆನಿಸಲಿಲ್ಲ. ಮೊಘಲ್ ಬಾದಶಹ ಶಹಜಹಾನನ ಸೇವೆಗೆ ಸೇರಿ ಐದು ಸಾವಿರದ ಮನ್ಸಬ್ ಪಡೆದ. ಅದೇ ಹೊತ್ತಿಗೆ, 1630ರ ಫೆಬ್ರವರಿ 19ರಂದು, ಶಿವನೇರಿ ಕೋಟೆಯಲ್ಲಿ ಜೀಜಾಬಾಯಿ ಶಿವಾಜಿಯನ್ನು ಹೆತ್ತಳು. ದಖ್ಖನ್ನಿನಲ್ಲಿ ಭೀಕರ ಬರ ಶುರುವಾದ ಕಾಲ ಅದು. ಎರಡು ವರ್ಷವೂ ಕಳೆದಿರಲಿಲ್ಲ, ಶಹಾಜಿಗೆ ಕೊಟ್ಟ ಜಾಗೀರಿನಲ್ಲಿ ಒಂದಷ್ಟನ್ನು ಬಾದಶಹ ಕಿತ್ತು ಅಂಬರನ ಮಗ ಫತೇಖಾನನಿಗೆ ಕೊಟ್ಟ. ಶಹಾಜಿ ಮೊಘಲರನ್ನೂ ಬಿಟ್ಟ.

ಇದನ್ನೆಲ್ಲ ಓದಿದವರಿಗೆ ಈತ ಪಕ್ಷಾಂತರಿ ಅನಿಸುವುದು ಸಹಜ. ಆದರೆ ಆ ಕಾಲದಲ್ಲಿ ಸರದಾರನೆಂದರೆ ಸ್ವಂತ ಕುದುರೆ, ಸ್ವಂತ ಜನ ಇಟ್ಟುಕೊಂಡವನು. ಸುಲ್ತಾನ ಜಾಗೀರು ಕೊಡುತ್ತಿದ್ದ, ಅದರ ಹುಟ್ಟುವಳಿಯಲ್ಲಿ ಇವನು ಸಾವಿರಾರು ಸವಾರರ ಹೊಟ್ಟೆ ತುಂಬಿಸಬೇಕಿತ್ತು. ಜಾಗೀರು ಹೋದರೆ ಮುಂದಿನ ತಿಂಗಳು ಸವಾರರೂ ಹೋಗುತ್ತಾರೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸಿದವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ, ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಲು ಆಗುವುದಿಲ್ಲ. ನಾವು ಕಂಪನಿ ಬಿಟ್ಟರೆ ಯಾವ ಊರೂ ಸುಡುವುದಿಲ್ಲ. ಮೈಲಾರ ಮಹಾದೇವಪ್ಪನವರ ಊರಿನಲ್ಲಿ ಓದಿದ ನಮಗೆ ಒಂದೇ ಧ್ಯೇಯಕ್ಕೆ ಪ್ರಾಣ ಕೊಟ್ಟವರ ಕಥೆ ಗೊತ್ತು. ಶಹಾಜಿ ಆ ಸಾಲಿಗೆ ಸೇರುವುದಿಲ್ಲ, ಸೇರಿಸಲು ಹೋಗುವುದೂ ಬೇಡ. ಅವನ ಕಾಲದವರ ಜೊತೆ ಇಟ್ಟು ನೋಡಿದರೆ ಮಾತ್ರ ಅವನ ಅಳತೆ ಸಿಗುತ್ತದೆ.

ಅವನ ಕಾಲದಲ್ಲೇ ಫ್ರಾನ್ಸಿನಲ್ಲಿ ಕಾಂಡೆ ಎಂಬ ರಾಜಮನೆತನದ ಸೇನಾನಿ ಇದ್ದ. 1643ರಲ್ಲಿ ರೊಕ್ರುವಾ ಎಂಬಲ್ಲಿ ಸ್ಪೇನಿನ ಸೈನ್ಯವನ್ನು ಸೋಲಿಸಿದಾಗ ಅವನಿಗೆ ಇಪ್ಪತ್ತೊಂದು ವಯಸ್ಸು. ಹತ್ತು ವರ್ಷದೊಳಗೆ ತನ್ನ ದೊರೆಯ ದರ್ಬಾರಿನೊಡನೆ ಜಗಳವಾಡಿ ಅದೇ ಸ್ಪೇನಿನ ಕಡೆ ಹೋಗಿ ಫ್ರಾನ್ಸಿನ ಮೇಲೆ ಕತ್ತಿ ಎತ್ತಿದ. 1659ರಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾದ ಮೇಲೆ ಕ್ಷಮೆ ಪಡೆದು ಮರಳಿ ಬಂದು ಪುನಃ ಫ್ರಾನ್ಸಿನ ಸೇನಾಪತಿಯಾದ. ಅವನ ದೇಶದವರು ಇಂದಿಗೂ ಅವನನ್ನು ಮಹಾ ಕಾಂಡೆ ಎಂದೇ ಕರೆಯುತ್ತಾರೆ. ಆ ಶತಮಾನದ ರೀತಿ ಎರಡೂ ಕಡೆ ಹಾಗೆಯೇ ಇತ್ತು.

ಇಷ್ಟಾಗಿಯೂ ಶಹಾಜಿ ಒಮ್ಮೆ ಲಾಭ ನಷ್ಟದ ಲೆಕ್ಕ ಬಿಟ್ಟು ನಿಂತದ್ದುಂಟು. 1633ರಲ್ಲಿ ದೌಲತಾಬಾದ್ ಮೊಘಲರ ವಶವಾಯಿತು, ಬಾಲಕ ಸುಲ್ತಾನನನ್ನು ಸೆರೆ ಒಯ್ದರು. ನಿಜಾಮಶಾಹಿ ಮುಗಿಯಿತು ಎಂದು ಎಲ್ಲರೂ ತಿಳಿದಾಗ ಶಹಾಜಿ ಅದೇ ವಂಶದ ಇನ್ನೊಬ್ಬ ಹುಡುಗನನ್ನು ಹುಡುಕಿ ತಂದು, ಪೇಮಗಿರಿ ಕೋಟೆಯಲ್ಲಿ ಪಟ್ಟಕ್ಕೆ ಕೂರಿಸಿ, ತಾನೇ ಕಾರಭಾರ ನಡೆಸಿದ. ಮೂರು ವರ್ಷ ಬೆಟ್ಟಗುಡ್ಡಗಳ ಕೋಟೆಗಳನ್ನು ಹಿಡಿದುಕೊಂಡು ಕಾದಿದ. ಕೊನೆಗೆ ಶಹಜಹಾನನೇ ದಖ್ಖನ್ನಿಗೆ ಇಳಿದು ಬಂದು, ಬಿಜಾಪುರದವರನ್ನು ಒಪ್ಪಂದಕ್ಕೆ ಎಳೆದ. 1636ರಲ್ಲಿ ಮಾಹುಲಿ ಕೋಟೆಯಲ್ಲಿ ಎರಡೂ ಸೈನ್ಯಗಳು ಸುತ್ತುವರಿದಾಗ ಶಹಾಜಿ ಶರಣಾದ, ಹುಡುಗನನ್ನು ಒಪ್ಪಿಸಬೇಕಾಯಿತು. ಮುಂದೆ ಮಗ ಮಾಡಿದ ಕೆಲಸಕ್ಕೆ ಬುನಾದಿ ಇಲ್ಲಿ ಬಿತ್ತು ಎಂದು ನನ್ನ ಅನಿಸಿಕೆ. ಗುಡ್ಡದ ಕೋಟೆ, ಸಣ್ಣ ದಂಡು, ದಿಢೀರ್ ದಾಳಿ, ಇವೆಲ್ಲ ತಂದೆಯ ಸೋಲಿನಲ್ಲೇ ಇದ್ದವು.

ಒಪ್ಪಂದದ ಪ್ರಕಾರ ಶಹಾಜಿ ಬಿಜಾಪುರದ ಆದಿಲಶಾಹಿ ಸೇವೆಗೆ ಸೇರಿದ. ಪುಣೆಯ ಜಾಗೀರು ಅವನ ಹೆಸರಿನಲ್ಲೇ ಉಳಿಯಿತು, ಆದರೆ ಅವನನ್ನು ಅಲ್ಲಿ ಇರಗೊಡದೆ ದಕ್ಷಿಣಕ್ಕೆ ಕಳಿಸಿದರು. ಹಳೆಯ ಜಾಗದಲ್ಲಿ ಬಿಟ್ಟರೆ ಮತ್ತೆ ತಲೆ ಎತ್ತಬಹುದೆಂಬ ಅನುಮಾನ ಮೊಘಲರಿಗೂ ಇತ್ತು, ಬಿಜಾಪುರಕ್ಕೂ ಇತ್ತು. ಹೀಗೆ ಅವನು ಕನ್ನಡ ನಾಡಿಗೆ ಬಂದ.

ಬಿಜಾಪುರಕ್ಕೆ ದಕ್ಷಿಣದ ದಾರಿ ಹೊಸದಲ್ಲ. ನಮ್ಮ ಜಿಲ್ಲೆಯ ಬಂಕಾಪುರ ಕೋಟೆ 16ನೇ ಶತಮಾನದಲ್ಲೇ ಅವರ ಕೈ ಸೇರಿತ್ತು. ವಿಜಯನಗರ ಒಡೆದು ಹೋಗಿ ಪ್ರತಿ ಊರಿಗೂ ಒಬ್ಬ ನಾಯಕ, ಒಬ್ಬ ಪಾಳೆಗಾರ ಎಂಬಂತಾಗಿತ್ತು. ಒಬ್ಬರಿಗೊಬ್ಬರು ಆಗಿಬರುತ್ತಿರಲಿಲ್ಲ. ಬಸವಾಪಟ್ಟಣದ ಕೆಂಗೆ ಹನುಮಪ್ಪ ನಾಯಕ ಇಕ್ಕೇರಿಯವರ ಮೇಲಿನ ಹಗೆಯಿಂದ ಬಿಜಾಪುರದವರ ಜೊತೆ ಸೇರಿಕೊಂಡ. 1637ರಲ್ಲಿ ಸೇನಾಪತಿ ರಣದುಲ್ಲಾ ಖಾನನ ದಂಡು ಇಕ್ಕೇರಿಯನ್ನು ಲೂಟಿ ಮಾಡಿತು. ವೀರಭದ್ರ ನಾಯಕ ಹಣ ಕೊಟ್ಟು ಉಳಿದುಕೊಂಡ, ಆಮೇಲೆ ರಾಜಧಾನಿಯನ್ನೇ ಬಿದನೂರಿಗೆ ಬದಲಿಸಿದ. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಕೈಬಿಟ್ಟಿತು. ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಮಾತ್ರ ಕಂಠೀರವ ನರಸರಾಜ ಒಡೆಯರು ಅವರನ್ನು ಹೊಡೆದಟ್ಟಿದರು. ಈ ದಂಡಯಾತ್ರೆಗಳಲ್ಲಿ ರಣದುಲ್ಲಾ ಖಾನನ ಮುಖ್ಯ ಸರದಾರ ಶಹಾಜಿಯೇ. ಅಂದರೆ ನಮ್ಮ ನಾಡಿಗೆ ಅವನು ಮೊದಲು ಕಾಲಿಟ್ಟದ್ದು ಗೆಲ್ಲಲು ಬಂದ ಸೈನ್ಯದ ಜೊತೆ. ಇಕ್ಕೇರಿಯ ರೈತನಿಗೆ ಆ ಕುದುರೆಗಳ ಮೇಲೆ ಯಾರು ಕೂತಿದ್ದರು ಎಂಬುದರಿಂದ ಏನೂ ವ್ಯತ್ಯಾಸವಾಗಿರಲಾರದು.

ಗೆದ್ದ ಮೇಲೆ ಅವನು ನಡೆದುಕೊಂಡ ರೀತಿ ಬೇರೆ. ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳು ಅವನ ಆಡಳಿತಕ್ಕೆ ಬಂದವು. ಸೋತ ಪಾಳೆಗಾರರನ್ನು ಬೇರುಸಹಿತ ಕಿತ್ತುಹಾಕುವ ಬದಲು, ಮುಖ್ಯ ಪಟ್ಟಣ ತಾನಿಟ್ಟುಕೊಂಡು ಅವರಿಗೆ ಸಣ್ಣ ಊರೊಂದನ್ನು ಬಿಟ್ಟುಕೊಡುವುದು ಅಲ್ಲಿ ನಡೆದ ಪದ್ಧತಿ. ಬೆಂಗಳೂರಿನ ಗೌಡರು ಮಾಗಡಿಗೆ ಹೋದರು, ಹೊಸಕೋಟೆಯವರು ಆನೇಕಲ್ಲಿಗೆ, ಬಸವಾಪಟ್ಟಣದ ನಾಯಕರು ತರೀಕೆರೆಗೆ. ಇದು ದಯೆಯಲ್ಲ, ಜಾಣತನ. ಪಾಳೆಗಾರನಿಗೆ ಕಳೆದುಕೊಳ್ಳಲು ಏನಾದರೂ ಉಳಿದಿದ್ದರೆ ಅವನು ಕಾಡು ಸೇರಿ ಹತ್ತು ವರ್ಷ ಕಾಡುವುದಿಲ್ಲ. ಮಾಹುಲಿಯಲ್ಲಿ ಶರಣಾದ ಮೇಲೂ ಪುಣೆಯ ಜಾಗೀರು ಉಳಿಸಿಕೊಂಡಿದ್ದ ಮನುಷ್ಯನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಕಾಲದಲ್ಲೇ ದೇಶಮುಖ, ದೇಶಪಾಂಡೆ ಎಂಬ ಹುದ್ದೆಗಳೂ ಮರಾಠಿ ಲೆಕ್ಕಪತ್ರದ ಮಾತುಗಳೂ ದಕ್ಷಿಣದ ಆ ಸೀಮೆಗಳಲ್ಲಿ ಬಳಕೆಗೆ ಬಂದವು.

ಬೆಂಗಳೂರಿನಲ್ಲಿ ಶಹಾಜಿ ರಾಜನಂತೆಯೇ ಬಾಳಿದ. ಈಗಿನ ಚಿಕ್ಕಪೇಟೆಯ ಕಡೆ ಇದ್ದ ಗೌರಿಮಹಲ್ ಅವನ ಅರಮನೆ ಎನ್ನುತ್ತಾರೆ. ಜಯರಾಮ ಪಿಂಡ್ಯೆ ಎಂಬ ಕವಿ ಅವನ ಆಸ್ಥಾನಕ್ಕೆ ಬಂದು ರಾಧಾಮಾಧವವಿಲಾಸ ಚಂಪೂ ಎಂಬ ಸಂಸ್ಕೃತ ಕಾವ್ಯ ಬರೆದ. ಶಹಾಜಿಯ ದರ್ಬಾರಿನಲ್ಲಿ ನಾನಾ ಭಾಷೆಗಳ ಕವಿಗಳು ಸಮಸ್ಯೆ ಬಿಡಿಸುವುದರ ವರ್ಣನೆ ಅದರಲ್ಲಿದೆ, ಕನ್ನಡಕ್ಕೂ ಅಲ್ಲಿ ಜಾಗವುಂಟು. ಒಂದೇ ಕಚೇರಿಯಲ್ಲಿ ಹತ್ತು ಭಾಷೆ ಕೇಳುವುದು ಬೆಂಗಳೂರಿಗೆ ಐಟಿ ಕಂಪನಿಗಳು ಬಂದ ಮೇಲಿನ ಹೊಸ ಸಂಗತಿ ಎಂದು ನಮ್ಮ ಕಡೆಯಿಂದ ಹೋದವರು ಅಂದುಕೊಳ್ಳುತ್ತೇವೆ. 380 ವರ್ಷಗಳ ಹಿಂದೆಯೂ ಅಲ್ಲಿ ಅದೇ ಗದ್ದಲ.

ಸಂಸಾರ ಮಾತ್ರ ಎರಡಾಗಿ ಒಡೆಯಿತು. ಶಹಾಜಿಗೆ ತುಕಾಬಾಯಿ ಎಂಬ ಇನ್ನೊಬ್ಬ ಹೆಂಡತಿಯೂ ಅವಳಲ್ಲಿ ಏಕೋಜಿ ಎಂಬ ಮಗನೂ ಇದ್ದರು. ಜೀಜಾಬಾಯಿಯ ಹಿರಿಯ ಮಗ ಸಂಭಾಜಿ ತಂದೆಯ ಜೊತೆಯೇ ಬೆಳೆದ. 1640ರ ಸುಮಾರಿಗೆ ಜೀಜಾಬಾಯಿ ಹುಡುಗ ಶಿವಾಜಿಯನ್ನು ಕರೆದುಕೊಂಡು ಬೆಂಗಳೂರಿಗೆ ಬಂದಳು, ಸ್ವಲ್ಪ ಕಾಲ ಎಲ್ಲರೂ ಒಂದೇ ಕಡೆ ಇದ್ದರು. ಆಮೇಲೆ ಶಹಾಜಿ ತಾಯಿ ಮಗನನ್ನು ಪುಣೆಯ ಜಾಗೀರು ನೋಡಿಕೊಳ್ಳಲು ನಂಬಿಕೆಯ ಕಾರಭಾರಿಗಳ ಜೊತೆ ಕಳಿಸಿಕೊಟ್ಟ. ಹೆಂಡತಿಯನ್ನು ದೂರ ಇಟ್ಟ ಎಂದು ಕೆಲವರು, ಮಗನಿಗೆ ಸ್ವತಂತ್ರ ಜಾಗ ಮಾಡಿಕೊಟ್ಟ ಎಂದು ಕೆಲವರು ವಾದಿಸುತ್ತಾರೆ. ಎರಡೂ ನಿಜವಿರಬಹುದು. ಅಪ್ಪ ಬೆಂಗಳೂರಿನಲ್ಲಿ ದುಡಿಯುತ್ತ, ತಾಯಿ ಮಕ್ಕಳು ಊರಿನ ಹೊಲ ಮನೆ ನೋಡಿಕೊಳ್ಳುವ ಮನೆಗಳು ನಮ್ಮ ಸುತ್ತಲೂ ಇವೆ. ಅಂಥ ಮನೆಯ ಹುಡುಗರು ಬೇಗ ದೊಡ್ಡವರಾಗುತ್ತಾರೆ.

ಶಿವಾಜಿ ಹಾಗೆಯೇ ಬೇಗ ದೊಡ್ಡವನಾದ. ಹದಿನೆಂಟು ತುಂಬುವ ಮೊದಲೇ ಬಿಜಾಪುರದ ಕೋಟೆಗಳಿಗೆ ಕೈ ಹಾಕಿದ. ಅದರ ಬಿಸಿ ತಟ್ಟಿದ್ದು ತಂದೆಗೆ. ಆಗ ಶಹಾಜಿ ತಮಿಳು ನಾಡಿನ ಜಿಂಜಿ ಕೋಟೆಯ ಮುತ್ತಿಗೆಯಲ್ಲಿದ್ದ. ಅಲ್ಲಿನ ನಾಯಕರ ಜೊತೆ ಒಳಗೊಳಗೇ ಮಾತುಕತೆ ನಡೆಸಿದ್ದಾನೆಂಬ ಸಂಶಯವೂ ಸೇರಿತು. 1648ರ ಜುಲೈನಲ್ಲಿ ಸೇನಾಪತಿ ಮುಸ್ತಫಾ ಖಾನನ ಆಜ್ಞೆಯಂತೆ ಅವನನ್ನು ಅವನ ಬೀಡಿನಲ್ಲೇ ಹಿಡಿದರು. ಹಿಡಿಯಲು ಮುಂದಾದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೂ ಒಬ್ಬ. ಬಿಜಾಪುರಕ್ಕೆ ಒಯ್ದು ಸೆರೆಯಲ್ಲಿಟ್ಟರು.

ಈಗ ಮಗನ ಮುಂದೆ ಎರಡೇ ದಾರಿ: ಕೋಟೆ ಬೇಕೋ, ತಂದೆ ಬೇಕೋ. ಶಿವಾಜಿ ಒಂದು ಕಡೆ ದಖ್ಖನ್ನಿನ ಸುಬೇದಾರನಾಗಿದ್ದ ಮೊಘಲ್ ರಾಜಕುಮಾರ ಮುರಾದನಿಗೆ ಪತ್ರ ಬರೆದು ಬಿಜಾಪುರಕ್ಕೆ ದಿಗಿಲು ಹುಟ್ಟಿಸಿದ. ಇನ್ನೊಂದು ಕಡೆ ಕೊಂಡಾಣ ಕೋಟೆಯನ್ನು, ಅಂದರೆ ಮುಂದೆ ಸಿಂಹಗಡ ಎಂದು ಹೆಸರಾದದ್ದನ್ನು, ಬಿಟ್ಟುಕೊಟ್ಟ. ಬೆಂಗಳೂರಿನಲ್ಲಿದ್ದ ಸಂಭಾಜಿಯೂ ಅದನ್ನು ಒಪ್ಪಿಸಬೇಕಾಯಿತು. 1649ರ ಮೇ ತಿಂಗಳಲ್ಲಿ ಶಹಾಜಿಯ ಬಿಡುಗಡೆಯಾಯಿತು. ಕಷ್ಟಪಟ್ಟು ಗಳಿಸಿದ ಕೋಟೆಯನ್ನು ಹತ್ತೊಂಬತ್ತರ ಹುಡುಗ ತಂದೆಗಾಗಿ ಕೊಟ್ಟದ್ದು ಶಿವಾಜಿಯ ಗೆಲುವುಗಳ ಪಟ್ಟಿಯಲ್ಲಿ ಬರುವುದಿಲ್ಲ. ನನಗೆ ಅದು ಅವನ ಎಷ್ಟೋ ಗೆಲುವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಶಹಾಜಿ ಮತ್ತೆ ಕರ್ನಾಟಕಕ್ಕೆ ಬಂದ, ಮತ್ತೆ ಅದೇ ಸೇವೆ, ಕ್ರಮೇಣ ಬೆಂಗಳೂರೂ ಮರಳಿ ಕೈಸೇರಿತು. 1655ರ ಸುಮಾರಿಗೆ ಕೊಪ್ಪಳ ಸೀಮೆಯ ಕನಕಗಿರಿಯ ಮುತ್ತಿಗೆಯಲ್ಲಿ ಸಂಭಾಜಿ ಸತ್ತ. ಜೊತೆಗಿದ್ದ ಅಫ್ಜಲ್ ಖಾನ್ ಸಮಯಕ್ಕೆ ನೆರವಾಗಲಿಲ್ಲ ಎಂಬ ನೋವು ಭೋಸಲೆ ಮನೆಯಲ್ಲಿ ಉಳಿಯಿತು. ಎರಡು ವರ್ಷದ ನಂತರ ಹುಟ್ಟಿದ ತನ್ನ ಮಗನಿಗೆ ಶಿವಾಜಿ ಅಣ್ಣನ ಹೆಸರನ್ನೇ ಇಟ್ಟ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಶಿವಾಜಿಯ ಕೈಯಲ್ಲಿ ಅಫ್ಜಲ್ ಖಾನ್ ಸತ್ತ ಕಥೆ ಎಲ್ಲರಿಗೂ ಗೊತ್ತು. ಆ ಭೇಟಿಗೆ ಹೋಗುವಾಗ ಶಿವಾಜಿಯ ಮನಸ್ಸಿನಲ್ಲಿ ಕನಕಗಿರಿ ಇದ್ದೇ ಇತ್ತು ಎಂದು ನಾನು ನಂಬುತ್ತೇನೆ.

ಆಗ ಶಹಾಜಿಯ ಸ್ಥಿತಿ ವಿಚಿತ್ರ. ಮಗ ಬಿಜಾಪುರದ ಸೇನಾಪತಿಯನ್ನು ಕೊಂದಿದ್ದಾನೆ, ತಂದೆ ಅದೇ ಬಿಜಾಪುರದ ಸರದಾರ. ಮಗನ ನಡತೆಗೆ ತಾನು ಹೊಣೆಯಲ್ಲ ಎಂದು ಹೇಳಿಕೊಂಡು ಅವನು ತನ್ನ ಜಾಗ ಉಳಿಸಿಕೊಂಡ. ಬಿಜಾಪುರಕ್ಕೂ ದಕ್ಷಿಣದಲ್ಲಿ ಅವನನ್ನು ಬಿಟ್ಟರೆ ಗತಿಯಿರಲಿಲ್ಲ. 1660ರ ನಂತರ ಒಮ್ಮೆ ಅವನು ಉತ್ತರಕ್ಕೆ ಹೋಗಿ ಬಹುವರ್ಷಗಳ ಮೇಲೆ ಮಗನನ್ನು ಕಂಡನೆಂದೂ ಶಿವಾಜಿ ಬರಿಗಾಲಿನಲ್ಲಿ ಎದುರುಗೊಂಡನೆಂದೂ ಮರಾಠಿ ಬಖರುಗಳ ಪರಂಪರೆ ಹೇಳುತ್ತದೆ.

1663ರಲ್ಲಿ ಎರಡನೇ ಅಲಿ ಆದಿಲಶಾಹ ಬಿದನೂರಿನ ಮೇಲೆ ದಂಡೆತ್ತಿ ನಮ್ಮ ಬಂಕಾಪುರದ ಕಡೆ ಬಂದಿದ್ದ. ಶಹಾಜಿಯೂ ಆ ಕಾಲದಲ್ಲಿ ತುಂಗಭದ್ರೆಯ ದಕ್ಷಿಣದ ಸೀಮೆಯಲ್ಲಿ ದಂಡಿನ ಕೆಲಸದಲ್ಲಿದ್ದ. ವಯಸ್ಸು ಎಪ್ಪತ್ತರ ಅಂಚು. 1664ರ ಜನವರಿ 23ರಂದು ಹೊದಿಗೆರೆಯ ಬಯಲಿನಲ್ಲಿ ಬೇಟೆಗೆ ಹೋದ. ಓಡುವ ಕುದುರೆಯ ಕಾಲು ಸಿಕ್ಕಿಕೊಂಡು ಮುಗ್ಗರಿಸಿತು, ಸವಾರ ಬಿದ್ದು ಅಲ್ಲೇ ಸತ್ತ. ಇಪ್ಪತ್ತೇಳು ವರ್ಷಗಳ ಹಿಂದೆ ಬಿಜಾಪುರದ ದಂಡಿನ ಜೊತೆ ಸೇರಿ ಕೊನೆಗೆ ತನ್ನ ಊರನ್ನೇ ಬಿಡಬೇಕಾಗಿ ಬಂದ ಕೆಂಗೆ ಹನುಮಪ್ಪನ ಬಸವಾಪಟ್ಟಣ ಅಲ್ಲಿಗೆ ಹತ್ತಿರ.

ಅದೇ ತಿಂಗಳ ಮೊದಲ ವಾರದಲ್ಲಿ ಶಿವಾಜಿ ಸೂರತ್ ಪಟ್ಟಣವನ್ನು ಸೂರೆ ಮಾಡಿ ಮೊಘಲರಿಗೆ ನಡುಕ ಹುಟ್ಟಿಸಿದ್ದ. ಆ ಸಂಪತ್ತಿನೊಡನೆ ರಾಜಗಡಕ್ಕೆ ಮರಳಿದವನಿಗೆ ಕಾದಿದ್ದದ್ದು ತಂದೆಯ ಸಾವಿನ ಸುದ್ದಿ. ಜೀಜಾಬಾಯಿ ಸಹಗಮನಕ್ಕೆ ಸಿದ್ಧಳಾದಳು, ಮಗ ಅಂಗಲಾಚಿ ತಡೆದ. ಇನ್ನೂ ಹತ್ತು ವರ್ಷ ಬದುಕಿ, 1674ರ ಜೂನ್ 6ರಂದು ಮಗನ ಪಟ್ಟಾಭಿಷೇಕ ನೋಡಿ, ಹನ್ನೊಂದು ದಿನದ ಮೇಲೆ ತೀರಿಕೊಂಡಳು. ಬಾಜಿ ಘೋರ್ಪಡೆಯ ಲೆಕ್ಕವನ್ನು ಶಿವಾಜಿ ಅದೇ 1664ರಲ್ಲಿ ಮುಧೋಳದ ಮೇಲೆ ಬಿದ್ದು ಅವನನ್ನು ಕೊಂದು ತೀರಿಸಿದ.

ಶಹಾಜಿಯ ದಕ್ಷಿಣದ ಆಸ್ತಿ ಏಕೋಜಿಗೆ ಹೋಯಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಡುಮಲ್ಲೇಶ್ವರ ಗುಡಿಗೆ 1669ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಏಕೋಜಿಯ ಶಾಸನ ಇಂದಿಗೂ ಉಂಟು. ನಮ್ಮ ಊರಿನ ಹುಡುಗರು ಪೇಯಿಂಗ್ ಗೆಸ್ಟ್ ಆಗಿ ಬಾಡಿಗೆ ಕಟ್ಟಿಕೊಂಡಿರುವ ಆ ಬಡಾವಣೆಗೆ ಹೆಸರು ಬಂದದ್ದೇ ಆ ಗುಡಿಯಿಂದ. ಮುಂದೆ ಏಕೋಜಿ ತಂಜಾವೂರು ಗೆದ್ದು ಅಲ್ಲೇ ನೆಲೆ ನಿಂತ, ಅವನ ವಂಶ 1855ರವರೆಗೆ ಅಲ್ಲಿತ್ತು. 1677ರಲ್ಲಿ ಶಿವಾಜಿ ದಕ್ಷಿಣಕ್ಕೆ ಬಂದು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದಾಗ ಅಣ್ಣ ತಮ್ಮಂದಿರ ನಡುವೆ ಯುದ್ಧವೇ ನಡೆಯಿತು. ದೂರದ ಬೆಂಗಳೂರನ್ನು ಕಾಯುವುದು ಕಷ್ಟವಾಗಿ ಏಕೋಜಿ ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರಲು ಮಾತಾಡಿಕೊಂಡ. ವ್ಯವಹಾರ ಮುಗಿಯುವ ಮೊದಲೇ 1687ರಲ್ಲಿ ಮೊಘಲರು ನುಗ್ಗಿ ಅದನ್ನು ಹಿಡಿದರು, ಒಡೆಯರು ಆ ಹಣವನ್ನು ಅವರಿಗೆ ಕೊಟ್ಟು ಬೆಂಗಳೂರನ್ನು ಪಡೆದರು.

ಶಹಾಜಿ ಸತ್ತು ಇಪ್ಪತ್ತೈದು ವರ್ಷವಾಗಿತ್ತು. 1689ರಲ್ಲಿ ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಕೊಲ್ಲಿಸಿದ. ಕಿರಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ತುಂಗಭದ್ರೆ ದಾಟಿ ದಕ್ಷಿಣಕ್ಕೆ ಓಡಿದ. ಶಹಾಜಿ ಬಿಜಾಪುರದ ದಂಡಿನೊಡನೆ ಬಂದು ಯಾರ ಇಕ್ಕೇರಿಯನ್ನು ಸೂರೆಮಾಡಿದ್ದನೋ ಆ ಕೆಳದಿ ಮನೆತನದ ರಾಣಿ ಚೆನ್ನಮ್ಮಾಜಿಯೇ ಅವನಿಗೆ ಆಶ್ರಯ ಕೊಟ್ಟಳು. ಬೆನ್ನಟ್ಟಿ ಬಂದ ಮೊಘಲ್ ಸೈನ್ಯವನ್ನು ಎದುರಿಸಿ ಅವನನ್ನು ಮುಂದೆ ದಾಟಿಸಿದಳು. ಹೊದಿಗೆರೆ ಇರುವ ಚನ್ನಗಿರಿಗೆ ಹೆಸರು ಬಂದದ್ದು ಅವಳಿಂದಲೇ. ರಾಜಾರಾಮ ಹೋಗಿ ಸೇರಿಕೊಂಡದ್ದು ಜಿಂಜಿ ಕೋಟೆಯನ್ನು, 1648ರಲ್ಲಿ ಅವನ ಅಜ್ಜನನ್ನು ಯಾವುದರ ಮುಂದೆ ಸೆರೆಹಿಡಿದಿದ್ದರೋ ಅದೇ ಜಿಂಜಿ. 1698ರವರೆಗೆ, ಸುಮಾರು ಎಂಟು ವರ್ಷ, ಔರಂಗಜೇಬನ ಸೈನ್ಯ ಆ ಕೋಟೆಯ ಕೆಳಗೆ ಬೀಡುಬಿಟ್ಟು ಕೂತಿತ್ತು.